ರೇಡಿಯೇಟರ್‌ನಲ್ಲಿ ಮಿಕ್ಕ ಬಾಯಿಗೆ ಡಮ್ಮಿ ಹಾಕುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಲಾರಿಯಲ್ಲಿ ಹೀಟರ್ ಕಳಚಿದ ಮೇಲೆ, ಇಲ್ಲವೇ ಬೇರೆ ಮಾಡೆಲ್ಲಿನ ರೇಡಿಯೇಟರ್ ಕೂರಿಸಿದ ಮೇಲೆ ಒಂದೋ ಎರಡೋ ನೀರಿನ ಬಾಯಿ ಕೆಲಸವಿಲ್ಲದೆ ಉಳಿದುಬಿಡುತ್ತವೆ. ಅವನ್ನು ಮುಚ್ಚುವ, ಅಂದರೆ ಡಮ್ಮಿ ಹಾಕುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಹಿತ್ತಾಳೆ ಟ್ಯಾಂಕಿನ ರೇಡಿಯೇಟರ್ ಇರುವ ಹಳೆಯ ಲಾರಿ. ಕ್ಯಾಬಿನ್ ಹೀಟರ್ ಸೋರುತ್ತಿತ್ತೆಂದು ತೆಗೆಸಿಬಿಟ್ಟೆ. ಈಗ ರೇಡಿಯೇಟರ್‌ನ ಕೆಳಟ್ಯಾಂಕಿನ ಪಕ್ಕದಲ್ಲಿ ಹೋಸ್ ಸಿಕ್ಕಿಸುವ ಹೆಬ್ಬೆರಳ ಗಾತ್ರದ ಒಂದು ನಿಪ್ಪಲ್, ಎಂಜಿನ್ ಹೆಡ್ಡಿನ ಹತ್ತಿರ ಅಂಥದ್ದೇ ಇನ್ನೊಂದು ಖಾಲಿ ಇವೆ. ಎರಡಕ್ಕೂ ರಬ್ಬರ್ ಟೋಪಿ ಹಾಕಿ ಕ್ಲಿಪ್ ಬಿಗಿದರೆ ಸಾಕೆ?

ಉತ್ತರ: ನಾಲ್ಕು ದಿನಕ್ಕೆ ಸಾಕು, ನಾಲ್ಕು ವರ್ಷಕ್ಕೆ ಸಾಲದು. ಆದರೆ ಟೋಪಿಯ ಮಾತು ಆಮೇಲೆ. ಮೊದಲು ನೋಡಬೇಕಾದದ್ದು ಆ ಎರಡು ಬಾಯಿಗಳ ನಡುವೆ ಇಷ್ಟು ದಿನ ಏನು ನಡೆಯುತ್ತಿತ್ತು ಎಂಬುದನ್ನು.

ಎಂಜಿನ್ ಹೆಡ್ಡಿನ ಬಾಯಿಂದ ಬಿಸಿನೀರು ಹೊರಟು, ಹೀಟರ್ ಸುತ್ತಿ, ಕೆಳಟ್ಯಾಂಕಿಗೋ ವಾಟರ್ ಪಂಪಿನ ಹೀರುವ ಕಡೆಗೋ ವಾಪಸಾಗುತ್ತಿತ್ತು. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರ್ ಕಡೆಗೆ ದಾರಿ ಬಿಡುವ ವಾಲ್ವ್) ಮುಚ್ಚಿರುತ್ತದೆ. ಆಗಲೂ ಹೆಡ್ಡಿನೊಳಗೆ ನೀರು ಓಡಾಡಲೇಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಇದಕ್ಕೆಂದೇ ಬೈಪಾಸ್ ಇರುತ್ತದೆ. ಥರ್ಮೋಸ್ಟಾಟ್ ಡಬ್ಬಿಯಿಂದ ಪಂಪಿಗೆ ಹೋಗುವ ಒಂದು ಗೇಣಿಗೂ ಕಡಿಮೆ ಉದ್ದದ ಹೋಸ್, ಅಥವಾ ಎರಕದಲ್ಲೇ ಕೊರೆದ ದಾರಿ. ಕೆಲವು ಎಂಜಿನ್‌ಗಳಲ್ಲಿ ಮಾತ್ರ ಹೀಟರ್ ದಾರಿಯೇ ಬೈಪಾಸ್. ಅಲ್ಲಿ ಎರಡೂ ಬಾಯಿ ಮುಚ್ಚಿದರೆ ನೀರು ನಿಂತಲ್ಲೇ ನಿಂತು, ಥರ್ಮೋಸ್ಟಾಟಿಗೆ ಬಿಸಿ ತಾಗುವ ಮೊದಲೇ ಹೆಡ್ಡಿನ ಒಂದು ಮೂಲೆ ಕುದಿಯುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಒಂದು ಸುಲಭದ ಗುರುತು ಇದೆ. ತೆಗೆದ ಹೀಟರ್ ಹೋಸಿನಲ್ಲಿ ನೀರನ್ನು ಪೂರ್ತಿ ನಿಲ್ಲಿಸುವ ಕಾಕ್ ಇತ್ತೇ, ಅದನ್ನು ಬೇಸಿಗೆಯಲ್ಲಿ ಮುಚ್ಚಿಟ್ಟು ಓಡಿಸುತ್ತಿದ್ದಿರೇ? ಹಾಗಿದ್ದರೆ ಆ ದಾರಿ ಮುಚ್ಚಿದರೂ ನಡೆಯುತ್ತದೆಂದು ತಯಾರಕರೇ ಒಪ್ಪಿದ್ದಾರೆ ಎಂದರ್ಥ. ಎರಡಕ್ಕೂ ಧೈರ್ಯವಾಗಿ ಡಮ್ಮಿ ಹಾಕಿ. ಕಾಕ್ ಇರಲಿಲ್ಲ, ಬೈಪಾಸ್ ಹೋಸೂ ಕಣ್ಣಿಗೆ ಬೀಳುತ್ತಿಲ್ಲ ಎಂದರೆ, ಎಂಜಿನ್ನಿನ ವರ್ಕ್‌ಶಾಪ್ ಪುಸ್ತಕದಲ್ಲಿ ನೀರಿನ ಹರಿವಿನ ಚಿತ್ರ ನೋಡುವವರೆಗೆ ಎರಡು ಬಾಯಿಗಳನ್ನೂ ಒಂದೇ ಹೋಸಿನಿಂದ ಜೋಡಿಸಿಬಿಡಿ. ಜೋಡಿಸುವುದರಲ್ಲಿ ಒಂದು ನಷ್ಟ ಉಂಟು: ಹೆಡ್ಡಿನ ಬಿಸಿನೀರಿನ ಒಂದು ಪಾಲು ಯಾವಾಗಲೂ ರೇಡಿಯೇಟರ್‌ನ ಕೊಳವೆಗಳಲ್ಲಿ ಹಾಯದೆ ಪಂಪಿಗೆ ಹೋಗುತ್ತದೆ. ಭಾರ ಹೊತ್ತು ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಲು ಅದೊಂದೇ ಸಾಕಾಗಬಹುದು. ಅದಕ್ಕೇ ಜೋಡಿಸುವ ಹೋಸಿನೊಳಗೆ 6ರಿಂದ 8 ಮಿ.ಮೀ. ತೂತಿರುವ ಒಂದು ಲೋಹದ ಬಿಲ್ಲೆ ಸೇರಿಸಿ, ಅದು ಜಾರದಂತೆ ಹೊರಗಿನಿಂದ ಒಂದು ಕ್ಲಿಪ್ ಹಾಕುತ್ತಾರೆ.

ಈಗ ಟೋಪಿಯ ಮಾತು. ಹಳೆಯ ರೇಡಿಯೇಟರ್‌ಗಳ ಮುಚ್ಚಳ ತಡೆಯುವ ಒತ್ತಡ 0.5 ಬಾರ್‌ನದ್ದಿರಬಹುದು, 0.9 ಬಾರ್‌ನದ್ದೂ ಇರಬಹುದು; ಮುಚ್ಚಳದ ಮೇಲೆಯೇ ಕೆತ್ತಿರುತ್ತದೆ. ಪಿಎಸ್‌ಐ ಲೆಕ್ಕದಲ್ಲಿ ಹೇಳಿದರೆ 7 ಮತ್ತು 13. ಒತ್ತಡ 0.9 ಬಾರ್ ಇದ್ದಾಗ 19 ಮಿ.ಮೀ. ನಿಪ್ಪಲ್‌ನ ಡಮ್ಮಿಯನ್ನು ಹೊರಕ್ಕೆ ತಳ್ಳುವ ಬಲ ಎರಡೂವರೆ ಕಿಲೋಗಿಂತ ಚೂರು ಹೆಚ್ಚು. ಎಂಜಿನ್ ಕಡೆಯ ಬಾಯಿಯ ಮೇಲೆ ಇದರ ಜೊತೆಗೆ ವಾಟರ್ ಪಂಪಿನ ಒತ್ತಡವೂ ಬೀಳುತ್ತದೆ. ಇವೇನೂ ಭಾರೀ ಬಲಗಳಲ್ಲ. ಟೋಪಿಯನ್ನು ಕೊಲ್ಲುವುದು ಬಲವಲ್ಲ, ಕಾವು. ಮಾಮೂಲಿ ರಬ್ಬರ್ ಅಥವಾ ವಿನೈಲ್ ಟೋಪಿ ದಿನಾ 90 ಡಿಗ್ರಿಗೆ ಬೆಂದು, ರಾತ್ರಿ ತಣಿದು, ಗಟ್ಟಿಯಾಗಿ, ತಲೆ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಉಗುರಿನ ಗೀರಿನಂಥ ಬಿರುಕು ಬಿಡುತ್ತದೆ. ಕ್ಲಿಪ್ ಹಿಡಿದ ಭಾಗ ಚೆನ್ನಾಗಿಯೇ ಇರುತ್ತದೆ, ನೀರು ಮಾತ್ರ ತಲೆಯಿಂದ ಚಿಮ್ಮುತ್ತದೆ. ಟೋಪಿಯೇ ಬೇಕೆಂದರೆ ಇಪಿಡಿಎಂ ಎಂಬ ಕಾವು ತಡೆಯುವ ರಬ್ಬರಿನದೋ ಸಿಲಿಕೋನ್‌ನದೋ ತರಿಸಿ, ಗೋಡೆ 3 ಮಿ.ಮೀ.ಗೆ ಕಡಿಮೆಯಿರದಂತೆ ನೋಡಿಕೊಳ್ಳಿ.

ನಮ್ಮ ಮೊದಲ ಆಯ್ಕೆ ಬೇರೆ: ನಿಪ್ಪಲ್‌ಗೆ ಒಂದು ತುಂಡು ಒಳ್ಳೆಯ ಹೀಟರ್ ಹೋಸ್, ಹೋಸಿನ ಇನ್ನೊಂದು ತುದಿಗೆ ಲೇತಿನಲ್ಲಿ ಕಡೆದ ಲೋಹದ ಪ್ಲಗ್, ಎರಡಕ್ಕೂ ಒಂದೊಂದು ಕ್ಲಿಪ್. ಇದರಲ್ಲಿ ಬಿಸಿಗೆ ಬಿರಿಯುವ ತಲೆಯೇ ಇಲ್ಲ.

ಮೊದಲು ಎಂಜಿನ್ ಪೂರ್ತಿ ತಣಿಯಲಿ. ಮುಚ್ಚಳ ತೆಗೆದು ಕೆಳಗಿನ ಡ್ರೇನ್ ಕಾಕ್‌ನಿಂದ ಕೂಲೆಂಟ್ ಇಳಿಸಿ. ಅಗಲ ಬಾಯಿಯ ಪಾತ್ರೆಗೆ ಇಳಿಸಿಕೊಂಡು ಕೂಡಲೇ ಮುಚ್ಚಿಡಿ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ. ನಿಪ್ಪಲ್ ಮೇಲೆ ಹಳೆಯ ಹೋಸ್ ಅಂಟಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ತಿರುಚಬೇಡಿ. ಹಿತ್ತಾಳೆ ನಿಪ್ಪಲ್ ಟ್ಯಾಂಕಿಗೆ ನಿಂತಿರುವುದು ಮೆದು ಬೆಸುಗೆಯಲ್ಲಿ, ತಿರುಚಿದರೆ ಬುಡವೇ ಬಿಟ್ಟುಕೊಳ್ಳುತ್ತದೆ. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪಟ್ಟೆ ಬಿಡಿಸುವಂತೆ ಬಿಡಿಸಿ. ನಿಪ್ಪಲ್ ಮೇಲೆ ಉಳಿದ ಕರಿ ರಬ್ಬರ್, ಬಿಳಿ ಉಪ್ಪು ಎರಡನ್ನೂ 220 ನಂಬರ್ ಎಮರಿ ಪೇಪರಿನಲ್ಲಿ ಸುತ್ತ ಉಜ್ಜಿ ತೆಗೆಯಿರಿ. ಉದ್ದಕ್ಕೆ ಉಜ್ಜಬೇಡಿ, ಉದ್ದ ಗೀರು ನೀರಿಗೆ ಸಿದ್ಧ ಕಾಲುವೆ.

ನಿಪ್ಪಲ್‌ನ ಹೊರವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಸಾಮಾನ್ಯವಾಗಿ 16 ಅಥವಾ 19 ಮಿ.ಮೀ. ಬರುತ್ತದೆ. 16ಕ್ಕೆ 16ರ ಹೋಸೇ ಬೇಕು. 19ರದ್ದನ್ನು ತಂದು ಕ್ಲಿಪ್ಪಿನಲ್ಲಿ ಬಿಗಿದು ಸರಿಮಾಡಲು ಹೋದರೆ ರಬ್ಬರ್ ಮಡಚಿ, ಮಡಿಕೆಯಲ್ಲೇ ತೊಟ್ಟಿಕ್ಕುತ್ತದೆ. ಹೋಸ್ ಉದ್ದ 75 ಮಿ.ಮೀ. ಇರಲಿ. ನಿಪ್ಪಲ್ ಮೇಲೆ 30, ಪ್ಲಗ್ ಮೇಲೆ 35, ನಡುವೆ ಬರಿ ರಬ್ಬರ್ 10 ಮಿ.ಮೀ. ದಾಟಬಾರದು. ಬರಿ ರಬ್ಬರ್ ಜಾಸ್ತಿಯಾದಷ್ಟೂ ಅದು ಉಬ್ಬಿ ಇಳಿಯುತ್ತ ಬೇಗ ಸಾಯುತ್ತದೆ.

ಪ್ಲಗ್ಗನ್ನು ಅಲ್ಯೂಮಿನಿಯಂ ಸರಳಿನಲ್ಲಿ ಕಡೆಸಿ. 16ರ ಹೋಸಿಗೆ ಮೈ 16.5 ಮಿ.ಮೀ., ಉದ್ದ 40. ಒಳಗೆ ಹೋಗುವ ತುದಿಯಲ್ಲಿ 18 ಮಿ.ಮೀ.ನ ದುಂಡು ಏಣು (ಸುತ್ತಲೂ ಉಬ್ಬಿದ ಅಂಚು), ಹೊರತುದಿಯಲ್ಲಿ ಹೋಸಿಗಿಂತ ಚೂರು ದಪ್ಪದ ತಲೆ. ಚೂಪು ಅಂಚು ಎಲ್ಲೂ ಇರಬಾರದು, ಒಳಗಿನ ರಬ್ಬರ್ ಕುಯ್ಯುತ್ತದೆ. ಹಿತ್ತಾಳೆಯೇ ಶ್ರೇಷ್ಠವಲ್ಲವೇ ಎಂದು ಕೇಳುವವರಿದ್ದಾರೆ. ಈ ಅಳತೆಯ ಹಿತ್ತಾಳೆ ತುಂಡು 70 ಗ್ರಾಂ ಮೇಲೆ ತೂಗುತ್ತದೆ, ಅಲ್ಯೂಮಿನಿಯಂ ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಲಾರಿಯ ನಡುಕಕ್ಕೆ ತೂಗಾಡುವ ಆ ಭಾರವನ್ನು ಹೊರಬೇಕಾದದ್ದು ನಿಪ್ಪಲ್‌ನ ಬುಡದ ಹಳೆಯ ಬೆಸುಗೆ. ಇನ್ನು ಹಿತ್ತಾಳೆ ಟ್ಯಾಂಕಿಗೆ ಅಲ್ಯೂಮಿನಿಯಂ ಆಗಿಬರುವುದಿಲ್ಲ, ತುಕ್ಕು ತಿನ್ನುತ್ತದೆ ಎಂಬ ಭಯ ಇಲ್ಲಿ ಬೇಡ. ನಡುವೆ ರಬ್ಬರ್ ಇದೆ, ಲೋಹಕ್ಕೆ ಲೋಹ ತಾಗುವುದಿಲ್ಲ.

ಕೂರಿಸುವಾಗ ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ. ಕೂಲೆಂಟಿನಲ್ಲೇ ಬೆರಳು ಅದ್ದಿ ಸವರಿ, ಜಾರಿ ಕೂರುತ್ತದೆ. ಕ್ಲಿಪ್ಪಿನ ಜಾಗ ಬಹಳ ಮುಖ್ಯ: ಏಣಿನ ಮೇಲಲ್ಲ, ಏಣು ದಾಟಿದ ಮೇಲಿನ ಸಮ ಮೈಮೇಲೆ, ಹೋಸಿನ ತುದಿಯಿಂದ 5 ಮಿ.ಮೀ. ಒಳಗೆ. ಏಣಿನ ಮೇಲೆ ಬಿಗಿದ ಕ್ಲಿಪ್ ಮೊದಲ ಬಿಸಿಗೇ ಇತ್ತ ಜಾರುತ್ತದೆ. ಬಿಗಿತ ಎಷ್ಟು? ರಬ್ಬರ್ ಪಟ್ಟಿಯ ಎರಡು ಬದಿಗೆ ಸ್ವಲ್ಪ ಉಬ್ಬಬೇಕು, ಪಟ್ಟಿಯ ತೂತುಗಳಲ್ಲಿ ಮೇಲೆ ಬರಬಾರದು. ಟಾರ್ಕ್ ಲೆಕ್ಕದಲ್ಲಿ ಸುಮಾರು 4 ನ್ಯೂಟನ್ ಮೀಟರ್.

ಕೂಲೆಂಟ್ ತುಂಬಿ, ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಕೈಗೆ ಬಿಸಿಯಾಗುವವರೆಗೆ ಗಾಳಿಗುಳ್ಳೆ ಬರುತ್ತಿರುತ್ತವೆ. ಮಟ್ಟ ಇಳಿದಂತೆ ತುಂಬಿಸುತ್ತಾ ಬನ್ನಿ. ಎಂಜಿನ್ ಕಡೆಯ ಡಮ್ಮಿ ಹೆಡ್ಡಿನ ಎತ್ತರದ ಜಾಗದಲ್ಲಿದ್ದರೆ ಅದರೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಆರಿಸಿ, ತಣಿದ ಮೇಲೆ ಆ ಕ್ಲಿಪ್ ಸಡಿಲಿಸಿ ಹೋಸಿನ ತುಟಿ ಚೂರು ಎತ್ತಿ ಗಾಳಿ ಬಿಟ್ಟು, ನೀರು ಕಂಡಕೂಡಲೇ ಬಿಗಿಯಿರಿ. ಕೈಪಂಪಿನ ಪ್ರೆಷರ್ ಟೆಸ್ಟರ್ ಸಿಕ್ಕಿದರೆ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಏರಿಸಿ ಹತ್ತು ನಿಮಿಷ ಮುಳ್ಳು ನೋಡಿ. ಅದಕ್ಕಿಂತ ಮೇಲೆ ಏರಿಸಬೇಡಿ. ಡಮ್ಮಿ ತಡೆದರೂ ಹಳೆಯ ಟ್ಯಾಂಕಿನ ಅಂಚು ತಡೆಯಬೇಕಲ್ಲ!

ಪ್ರಶ್ನೆ: ಹೋಸಿಗೆ ಒಂದು ದಪ್ಪ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದೇನೆ. ಓಡುವಾಗ ಒಂದು ಹನಿಯೂ ಇಲ್ಲ. ಬೆಳಿಗ್ಗೆ ನೋಡಿದರೆ ಕೆಳಗೆ ಒದ್ದೆ. ಇದೆಂಥ ಸೋರಿಕೆ?

ಉತ್ತರ: ಇದು ತಣ್ಣನೆಯ ಸೋರಿಕೆ. ಬಿಸಿಯಾದಾಗ ರಬ್ಬರ್ ಹಿಗ್ಗಿ ಕ್ಲಿಪ್ಪಿನೊಳಗೆ ಒತ್ತಿಕೊಳ್ಳುತ್ತದೆ, ಆಗ ಎಲ್ಲಾ ಬಿಗಿ. ಅದೇ ಒತ್ತಡದಲ್ಲಿ ರಬ್ಬರ್ ಮೆಲ್ಲಗೆ ಚಪ್ಪಟೆಯಾಗಿ ಅಲ್ಲೇ ಸ್ಥಿರವಾಗಿಬಿಡುತ್ತದೆ. ರಾತ್ರಿ ತಣಿದಾಗ ವಾಪಸು ಬರುವುದಿಲ್ಲ. ತಿರುಪಿನ ಕ್ಲಿಪ್ ತಾನಾಗಿ ಚಿಕ್ಕದಾಗಲಾರದು, ಆದ್ದರಿಂದ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಬೋಲ್ಟಿನ ಥ್ರೆಡ್ ಇದಕ್ಕೆ ಸೇರಿಕೊಂಡಿದೆ. ಥ್ರೆಡ್ ಅಂದರೆ ಒಳತುದಿಯಿಂದ ಹೊರತುದಿಯವರೆಗೆ ಸುತ್ತಿಕೊಂಡು ಹೋಗುವ ಒಂದೇ ಉದ್ದದ ಕಾಲುವೆ. ರಬ್ಬರ್ ಅದನ್ನು ಪೂರ್ತಿ ತುಂಬುವುದಿಲ್ಲ.

ಬೋಲ್ಟೇ ಬೇಕೆಂದರೆ ಅರ್ಧ ಮೈ ನುಣುಪಾಗಿರುವ, ಥ್ರೆಡ್ ತುದಿಯಲ್ಲಷ್ಟೇ ಇರುವ ಬೋಲ್ಟ್ ಆರಿಸಿ, ಥ್ರೆಡ್ ಭಾಗ ಕೊಯ್ದು ಹಾಕಿ, ತುದಿ ಅರದಲ್ಲಿ ದುಂಡು ಮಾಡಿ, ನುಣುಪು ಮೈಮೇಲೆ ಕ್ಲಿಪ್ ಬರುವಂತೆ ಕೂರಿಸಿ. ಆದರೂ ಅದು ಕಬ್ಬಿಣ. ನೀರಿನಲ್ಲಿರುವ ತುದಿ ತುಕ್ಕು ಹಿಡಿದು ಹುರುಪೆ ಕಳಚುತ್ತದೆ, ಆ ಹುರುಪೆ ರೇಡಿಯೇಟರ್‌ನ ಸಣ್ಣ ಕೊಳವೆಗಳಿಗೆ ಹೋಗುತ್ತದೆ. ಲೇತಿನ ಪ್ಲಗ್ಗೇ ಮೇಲು. ಮರದ ಗೂಟ ಹೊಡೆಯುವವರೂ ಉಂಟು. ನೀರಲ್ಲಿ ನೆಂದಾಗ ಅದು ಉಬ್ಬಿ ಚೆನ್ನಾಗಿ ಹಿಡಿಯುತ್ತದೆ, ನಿಜ. ವಾರಗಟ್ಟಲೆ ಬೆಂದ ಮೇಲೆ ನಾರು ಬಿಟ್ಟುಕೊಳ್ಳುತ್ತದೆ. ದಾರಿಮಧ್ಯದಲ್ಲಿ ಗ್ಯಾರೇಜ್ ಮುಟ್ಟುವವರೆಗೆ ಪರವಾಗಿಲ್ಲ, ಅಷ್ಟೇ.

ಕ್ಲಿಪ್ಪಿನ ವಿಷಯಕ್ಕೆ ಬಂದರೆ, ಹೊಸ ಹೋಸ್ ಹಾಕಿ ಮೂರು ನಾಲ್ಕು ಸಲ ಬಿಸಿಯಾಗಿ ತಣಿದ ಮೇಲೆ ಎಂಜಿನ್ ತಣ್ಣಗಿರುವಾಗ ಒಮ್ಮೆ ಕಾಲು ಸುತ್ತು ಬಿಗಿಯಿರಿ. ಪದೇ ಪದೇ ಅದೇ ಗೋಳಾದರೆ ತಾನೇ ಹಿಗ್ಗಿ ಕುಗ್ಗುವ ಸ್ಪ್ರಿಂಗ್ ಕ್ಲಾಂಪ್ ಹಾಕಿ. ತೆಗೆಯಲು ಹಾಕಲು ಕೈಗೆ ಹಿಂಸೆ, ಆದರೆ ತಣ್ಣನೆಯ ಸೋರಿಕೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪ್ರಶ್ನೆ: ಬೇರೆ ಲಾರಿಯ ತಾಮ್ರ–ಹಿತ್ತಾಳೆ ರೇಡಿಯೇಟರ್ ಕೂರಿಸಿದ್ದೇವೆ. ಕೆಳಟ್ಯಾಂಕಿನಲ್ಲಿ 38 ಮಿ.ಮೀ.ನ ಒಂದು ಬಾಯಿ ಹೆಚ್ಚಿಗೆ ಇದೆ. ಹಿತ್ತಾಳೆ ತಗಡಿನ ಬಿಲ್ಲೆ ಇಟ್ಟು ಬೆಸುಗೆ ಹಾಕಿಸಿದರೆ ಎರಡು ತಿಂಗಳಲ್ಲಿ ಅಂಚು ಬಿಟ್ಟಿತು. ಬೆಸುಗೆಯವರ ತಪ್ಪೇ?

ಉತ್ತರ: ಅವರ ಬೆಸುಗೆ ಚೆನ್ನಾಗಿಯೇ ಇದ್ದಿರಬಹುದು, ಜೋಡಣೆಯ ರೀತಿ ತಪ್ಪು. ಹೀಟರ್ ನಿಪ್ಪಲ್‌ನಲ್ಲಿ ಎರಡೂವರೆ ಕಿಲೋ ಇದ್ದ ಬಲ 38 ಮಿ.ಮೀ. ಬಾಯಲ್ಲಿ ಅದೇ 0.9 ಬಾರ್‌ಗೆ ಹತ್ತು ಕಿಲೋ ದಾಟುತ್ತದೆ, 50 ಮಿ.ಮೀ.ಗೆ ಹದಿನೆಂಟು. ಪ್ರತಿ ಬಿಸಿಗೂ ಅಷ್ಟು ಬಲ ಬಿಲ್ಲೆಯನ್ನು ನಡುವೆ ಉಬ್ಬಿಸಿ ಅಂಚನ್ನು ಸಿಪ್ಪೆ ಸುಲಿದಂತೆ ಎತ್ತುತ್ತದೆ. ಮೆದು ಬೆಸುಗೆಗೆ ಸುಲಿತ ತಡೆಯುವ ಶಕ್ತಿ ಇಲ್ಲವೇ ಇಲ್ಲ. ಒಂದರ ಮೇಲೊಂದು ಹೊದ್ದ ಎರಡು ಮೈಗಳ ನಡುವೆ ಜಾರುವ ಬಲ ಬಂದರೆ ಅದು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಬಿಲ್ಲೆ ಬೇಡ, ಬಟ್ಟಲು ಬೇಕು.

ಹಿತ್ತಾಳೆಯಲ್ಲಿ ಡಬ್ಬಿಯ ಮುಚ್ಚಳದಂಥ ಬಟ್ಟಲು ಕಡೆಸಿ. ತಳ 1.5 ಮಿ.ಮೀ., ಗೋಡೆ 1 ಮಿ.ಮೀ., ಗೋಡೆಯ ಎತ್ತರ 10 ಮಿ.ಮೀ. ಬಾಯಿಯ ಹೊರಮೈ ಮೇಲೆ ಅದು ಕೈಯಲ್ಲೇ ಕೂರಬೇಕು, ಅಲ್ಲಾಡಬಾರದು, ಸುತ್ತ 0.1 ಮಿ.ಮೀ. ಸಂದಿದ್ದರೆ ಬೆಸುಗೆ ತಾನಾಗಿ ಒಳಕ್ಕೆ ಹೀರಿಕೊಳ್ಳುತ್ತದೆ. ಸಂದು ಅರ್ಧ ಮಿ.ಮೀ. ಆಯಿತೆಂದರೆ ಬೆಸುಗೆ ಹೊರಗೇ ಗಡ್ಡೆಕಟ್ಟುತ್ತದೆ. ನೋಡಲು ಭರ್ತಿ, ಒಳಗೆ ಪೊಳ್ಳು. ಬಾಯಿಯ ತುದಿಯಲ್ಲಿ ಏಣು ಇದ್ದರೆ ಗರಗಸದಲ್ಲಿ ಕೊಯ್ದು 12ರಿಂದ 15 ಮಿ.ಮೀ. ಸಮ ಮೈ ಉಳಿಸಿಕೊಳ್ಳಿ. ಬಟ್ಟಲನ್ನು ಒಳಗೆ ತುರುಕುವುದಕ್ಕಿಂತ ಹೊರಗೆ ಹೊದಿಸುವುದು ಮೇಲು ಎನ್ನಲು ಕಾರಣ, ಒಳಮೈಯಲ್ಲಿ ವರ್ಷಗಳ ಉಪ್ಪಿನ ಪದರ ಕೂತಿರುತ್ತದೆ, ಅದನ್ನು ಪೂರ್ತಿ ಕೀಳಲಾಗುವುದಿಲ್ಲ. ಹೊರಮೈ ಹೊಳೆಯುವವರೆಗೆ ಉಜ್ಜಬಹುದು.

ಎರಡೂ ಮೈಗೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಿ, ಮೊದಲು ಬೇರೆ ಬೇರೆಯಾಗಿಯೇ ಕಲಾಯಿ ಹಾಕಿದಂತೆ ತೆಳುವಾಗಿ ಬೆಸುಗೆ ಹಿಡಿಸಿ. ಕಲಾಯಿ ಹಿಡಿಯದ ಕಪ್ಪು ಚುಕ್ಕೆ ಎಲ್ಲಾದರೂ ಉಳಿದರೆ ಸೋರಿಕೆ ಅಲ್ಲಿಂದಲೇ. ಅಲ್ಲಿ ಮತ್ತೆ ಉಜ್ಜಿ. ಆಮೇಲೆ ಬಟ್ಟಲು ಹೊದಿಸಿ, ಕಾವನ್ನು ಬಟ್ಟಲಿನ ಕಡೆಗೆ ಕೊಟ್ಟು, ಅಂಚಿನಲ್ಲಿ ಬೆಸುಗೆ ಕಡ್ಡಿ ತಾಗಿಸಿ. ಅರ್ಧ ತವರ ಅರ್ಧ ಸೀಸದ ಕಡ್ಡಿ 183 ಡಿಗ್ರಿಗೆ ಮೆತ್ತಗಾಗಿ 215ರ ಸುಮಾರಿಗೆ ನೀರಾಗುತ್ತದೆ. ಟ್ಯಾಂಕಿನ ಅಂಚು, ಪಕ್ಕದ ನಿಪ್ಪಲ್ ಎಲ್ಲ ನಿಂತಿರುವುದೂ ಇಂಥದ್ದೇ ಬೆಸುಗೆಯಲ್ಲಿ ಎಂಬುದನ್ನು ಮರೆತರೆ ಒಂದು ತೂತು ಮುಚ್ಚಲು ಹೋಗಿ ಮೂರು ತೆರೆದುಕೊಳ್ಳುತ್ತವೆ. ಒದ್ದೆ ಬಟ್ಟೆ ಹಿಂಡಿ ಟ್ಯಾಂಕಿನ ಅಂಚಿಗೆ ಸುತ್ತಿ, ಒಣಗಿದಂತೆ ನೀರು ಚಿಮುಕಿಸಿ. ರೇಡಿಯೇಟರ್ ಖಾಲಿಯಿರಲಿ, ಮುಚ್ಚಳ ತೆರೆದಿರಲಿ. ಒಳಗೆ ಉಳಿದ ನೀರು ಆವಿಯಾಗಿ ಕರಗಿದ ಬೆಸುಗೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗಾಳಿಯಾಡುವ ಕಡೆ ಕೆಲಸ ಮಾಡಿಸಿ, ಸೀಸದ ಹೊಗೆ ಒಳ್ಳೆಯದಲ್ಲ. ಗ್ಯಾಸಿನ ಹಿತ್ತಾಳೆ ವೆಲ್ಡಿಂಗ್ ಮಾತ್ರ ಖಂಡಿತ ಬೇಡ. ಅದರ ಕಾವಿಗೆ ಪಕ್ಕದ ಬೆಸುಗೆಯೆಲ್ಲ ಹರಿದುಹೋಗುತ್ತದೆ.

ಕೊನೆಗೆ ಫ್ಲಕ್ಸ್ ತೊಳೆಯುವುದು. ಸತುವಿನ ಕ್ಲೋರೈಡ್ ಫ್ಲಕ್ಸ್ ಆಮ್ಲೀಯ; ಉಳಿದರೆ ಹಸಿರು ಕಿಲುಬು ಹಿಡಿದು ಬೆಸುಗೆಯಂಚನ್ನೇ ತಿನ್ನುತ್ತದೆ. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒಳಗೂ ಎರಡು ಸಲ ನೀರು ಹಾಯಿಸಿ.

ಮುಂದೆ ಹಳೆಯ ರೇಡಿಯೇಟರ್ ವಾಪಸು ಹಾಕುವ ಯೋಚನೆ ಇದ್ದರೆ ಇದಾವುದೂ ಬೇಡ. 38 ಮಿ.ಮೀ. ಹೋಸ್ ತುಂಡು, ಏಣಿರುವ ಅಲ್ಯೂಮಿನಿಯಂ ಪ್ಲಗ್, ಎರಡು ಕಡೆಗೂ ಎರಡೆರಡು ಕ್ಲಿಪ್. ಈ ಗಾತ್ರದಲ್ಲಿ ಪ್ಲಗ್ ಹಾರದಂತೆ ಅದರ ತಲೆಯ ಮೇಲೆ ಒಂದು ತಗಡಿನ ಪಟ್ಟಿ ಹಾಯಿಸಿ ರೇಡಿಯೇಟರ್‌ನ ಚೌಕಟ್ಟಿಗೆ ಬೋಲ್ಟ್ ಮಾಡಿದರೆ ಚಿಂತೆಯೇ ಇಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್. ಬೇಡದ ಬಾಯಿಯೊಳಗೆ ಎಪಾಕ್ಸಿ ಪುಟ್ಟಿ ತುಂಬಿ ಗಟ್ಟಿಮಾಡಬಹುದೇ?

ಉತ್ತರ: ಬೇಡ. ಆ ಟ್ಯಾಂಕು ಗಾಜಿನ ನಾರು ಬೆರೆಸಿದ ನೈಲಾನ್. ಕೂಲೆಂಟ್ ಕುಡಿದು ನುಣುಪಾದ ಅದರ ಮೈಗೆ ಎಪಾಕ್ಸಿ ಅಂಟುವುದೇ ಅರೆಮನಸ್ಸಿನಿಂದ. ಬಿಸಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಸ್ವಲ್ಪ ದಿನಕ್ಕೆ ಪುಟ್ಟಿ ಇಡಿಯಾಗಿ ಬಿರಡೆಯಂತೆ ಸಡಿಲಾಗುತ್ತದೆ. ಒಳಕ್ಕೆ ಬಿದ್ದರೆ ಕೊಳವೆಗೆ ಅಡ್ಡ, ಹೊರಕ್ಕೆ ಹಾರಿದರೆ ನೀರೆಲ್ಲ ಖಾಲಿ. ಸಿಲಿಕೋನ್ ಗ್ಯಾಸ್ಕೆಟ್ ಅಂಟಿನ ಹಣೆಬರಹವೂ ಇಷ್ಟೇ: ಎರಡು ಚಪ್ಪಟೆ ಮೈಗಳ ನಡುವೆ ಬೋಲ್ಟ್ ಬಿಗಿದಾಗ ಅದು ಕೆಲಸ ಮಾಡುತ್ತದೆ, ತೆರೆದ ತೂತಿಗಲ್ಲ.

ಹೋಸ್–ಪ್ಲಗ್ ಪದ್ಧತಿಯೇ ಇಲ್ಲಿಗೂ ಸರಿ. ಎಚ್ಚರ ಬೇಕಾದದ್ದು ಬಿಗಿಯುವಾಗ. ಹಳೆಯ ಪ್ಲಾಸ್ಟಿಕ್ ಬಾಯಿ ಕಂದುಬಣ್ಣಕ್ಕೆ ತಿರುಗಿ, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿದ್ದರೆ ಅದು ಬಿಸ್ಕತ್ತಿನಂತಾಗಿದೆ ಎಂದರ್ಥ. ತಿರುಪಿನ ಕ್ಲಿಪ್ಪಿಗೆ ಒಂದು ಸುತ್ತು ಹೆಚ್ಚಾದರೂ ಚಿಟಕ್ಕೆಂದು ಒಳಕ್ಕೆ ಕುಸಿಯುತ್ತದೆ. ಅಂಥ ಬಾಯಿಗೆ ಸ್ಪ್ರಿಂಗ್ ಕ್ಲಾಂಪ್ ಮಾತ್ರ ಹಾಕಿ. ಬಾಯಿ ಬುಡದಲ್ಲೇ ಸೀಳಿದ್ದರೆ ಟ್ಯಾಂಕ್ ಬದಲಿಸುವುದೇ ದಾರಿ.

ಪ್ರಶ್ನೆ: ಥರ್ಮೋಸ್ಟಾಟ್ ಡಬ್ಬಿಗೆ ಥ್ರೆಡ್‌ನಲ್ಲಿ ಕೂತಿದ್ದ ಹೀಟರ್ ನಿಪ್ಪಲ್ ಮುರಿದು ಅರ್ಧ ಒಳಗೇ ಉಳಿದಿದೆ. ತೆಗೆದು ಪ್ಲಗ್ ಹಾಕಬೇಕು. ನಲ್ಲಿ ಅಂಗಡಿಯ ಅರ್ಧ ಇಂಚಿನ ಪ್ಲಗ್ ಆದೀತೇ?

ಉತ್ತರ: ಥ್ರೆಡ್ ಇರುವ ಬಾಯಿ ಸಿಕ್ಕಿದ್ದು ನಿಮ್ಮ ಅದೃಷ್ಟ, ಲೋಹದ ಪ್ಲಗ್ ಕೂತರೆ ಮತ್ತೆ ಆ ಕಡೆ ತಲೆಹಾಕುವಂತಿಲ್ಲ. ಒಳಗೆ ಉಳಿದ ತುಂಡಿಗೆ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ತಿರುಗಿಸಲು ಹೋಗಿ ಡಬ್ಬಿ ಸೀಳುವುದಕ್ಕಿಂತ, ಹ್ಯಾಕ್ಸಾ ಬ್ಲೇಡನ್ನು ಕೈಯಲ್ಲೇ ಹಿಡಿದು ನಿಪ್ಪಲ್‌ನ ಒಳಗೋಡೆಯನ್ನು ಎರಡು ಕಡೆ ಕೊಯ್ಯಿರಿ. ಡಬ್ಬಿಯ ಥ್ರೆಡ್ ಹೊಳೆದು ಕಾಣುವ ಮೊದಲೇ ನಿಲ್ಲಿಸಿ, ಸಣ್ಣ ಉಳಿಯಿಂದ ನಡುವಿನ ಚೂರನ್ನು ಒಳಕ್ಕೆ ಮಡಚಿದರೆ ಉಳಿದದ್ದು ಸಡಿಲಾಗಿ ಬರುತ್ತದೆ. ಚೂರುಗಳು ಒಳಗೆ ಬೀಳದಂತೆ ಡಬ್ಬಿಯನ್ನು ಕಳಚಿ ಕೆಳಗಿಟ್ಟೇ ಈ ಕೆಲಸ ಮಾಡುವುದು ಕ್ಷೇಮ.

ಪ್ಲಗ್ ವಿಚಾರದಲ್ಲಿ ಒಂದು ಬಲೆ ಇದೆ. ನಲ್ಲಿಯ ಸಾಮಾನು ಸಾಮಾನ್ಯವಾಗಿ ಬ್ರಿಟಿಷ್ ಅಳತೆಯ ಬಿಎಸ್‌ಪಿ ಥ್ರೆಡ್‌ನದು, ಅಮೆರಿಕನ್ ಮೂಲದ ಎಂಜಿನ್‌ನದು ಎನ್‌ಪಿಟಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಆದ್ದರಿಂದ ಒಂದರೊಳಗೊಂದು ಸುಲಭವಾಗಿ ತಿರುಗುತ್ತದೆ, ಕೈಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಹಲ್ಲಿನ ಕೋನ ಬಿಎಸ್‌ಪಿಗೆ 55 ಡಿಗ್ರಿ, ಎನ್‌ಪಿಟಿಗೆ 60. ವ್ಯಾಸದಲ್ಲೂ ಚೂರು ವ್ಯತ್ಯಾಸ. ಎಷ್ಟು ಬಿಗಿದರೂ ಜಿನುಗುತ್ತದೆ, ಇನ್ನೂ ಬಿಗಿದರೆ ಡಬ್ಬಿ ಸೀಳುತ್ತದೆ. 3/8 ಇಂಚಿನದಾದರೆ ಮೋಸ ಬೇಗ ಗೊತ್ತಾಗುತ್ತದೆ: ಎನ್‌ಪಿಟಿಗೆ 18, ಬಿಎಸ್‌ಪಿಗೆ 19 ಥ್ರೆಡ್, ಎರಡು ಮೂರು ಸುತ್ತಿಗೇ ಹಿಡಿದುಕೊಳ್ಳುತ್ತದೆ. ಥ್ರೆಡ್ ಗೇಜ್ ಇಟ್ಟು ನೋಡಿ ಅದೇ ಬಗೆಯ ಪ್ಲಗ್ ತನ್ನಿ.

ಕೋನಾಕಾರದ ಥ್ರೆಡ್ ಆದರೆ ಟೆಫ್ಲಾನ್ ಟೇಪ್ ಮೂರು ಸುತ್ತು, ಪ್ಲಗ್‌ನ ಥ್ರೆಡ್ ತುದಿಯನ್ನು ನಿಮ್ಮ ಕಡೆಗೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಿ. ಮೊದಲ ಒಂದು ಥ್ರೆಡ್ ಬಿಟ್ಟು ಶುರುಮಾಡಿದರೆ ಟೇಪಿನ ಎಳೆ ನೀರಿಗೆ ಹೋಗುವುದಿಲ್ಲ. ಕೈಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಒಂದೂವರೆ ಸುತ್ತು ಸಾಕು. ಅಲ್ಯೂಮಿನಿಯಂ ಡಬ್ಬಿಗೆ ಅಷ್ಟೂ ಬೇಕಾಗದೆ ಇರಬಹುದು, ಕೈಗೆ ಬಿಗಿ ಹತ್ತಿದ ಕಡೆ ನಿಲ್ಲಿಸಿ. ಟೇಪ್ ನುಣುಪಾಗಿ ಜಾರುವುದರಿಂದ ಬಿಗಿದದ್ದು ಗೊತ್ತಾಗದೆ ಎರಕ ಒಡೆಯುವವರು ಬಹಳ. ನೇರ ಥ್ರೆಡ್ ಆದರೆ ಟೇಪಿನಿಂದ ಪ್ರಯೋಜನವಿಲ್ಲ, ತಲೆಯ ಕೆಳಗೆ ತಾಮ್ರದ ವಾಷರ್ ಬೇಕು.

ಥ್ರೆಡ್ ಇಲ್ಲದೆ ನಿಪ್ಪಲ್ ಬರೇ ಒತ್ತಿ ಕೂರಿಸಿದ್ದಾದರೆ, ಅದನ್ನು ಕಿತ್ತು ಅದೇ ಅಳತೆಯ ಬಟ್ಟಲಾಕಾರದ ಕೋರ್ ಪ್ಲಗ್ ಹೊಡೆಯಬಹುದು.

ಪ್ರಶ್ನೆ: ಬದಲಿ ರೇಡಿಯೇಟರ್‌ನ ಕೆಳಟ್ಯಾಂಕಿನಲ್ಲಿ ಥ್ರೆಡ್ ಇರುವ ಎರಡು ಸಣ್ಣ ತೂತುಗಳಿವೆ. ನೀರು ತುಂಬಿದರೂ ಅವುಗಳಿಂದ ಒಂದು ತೊಟ್ಟೂ ಬರುವುದಿಲ್ಲ. ನನ್ನ ಲಾರಿ ಗೇರ್ ಕೈಯಲ್ಲೇ ಹಾಕುವುದು. ಏನು ಇವು?

ಉತ್ತರ: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಕೊಳವೆಯ ಎರಡು ತುದಿ. ಕೊಳವೆ ಟ್ಯಾಂಕಿನೊಳಗೆ ನೀರಿನಲ್ಲಿ ಮುಳುಗಿರುತ್ತದೆ, ನೀರಿಗೂ ಅದಕ್ಕೂ ಸಂಬಂಧವಿಲ್ಲ. ದೂಳು ಹೋಗದಂತೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಿಟ್ಟುಬಿಡಿ. ಮುಂದೆ ಎಂದಾದರೂ ಅಲ್ಲಿ ಕೂಲೆಂಟ್ ಕಂಡರೆ ಒಳಗಿನ ಕೊಳವೆ ತೂತಾಗಿದೆ. ಆಗ ಎರಡೂ ತುದಿಗೆ ಸರಿಯಾದ ಲೋಹದ ಪ್ಲಗ್ ಹಾಕಿದರೆ ನಿಮ್ಮ ಲಾರಿಗೆ ನಷ್ಟವಿಲ್ಲ. ಒಂದನ್ನು ಮಾತ್ರ ಮುಚ್ಚಿದರೆ ಇನ್ನೊಂದರಲ್ಲಿ ಬರುತ್ತದೆ. ಬಿಗಿಯುವಾಗ ಹೊರಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಒಳಗಿನ ಕೊಳವೆಯೇ ತಿರುಚಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಹಳೆಯ ಡೀಸೆಲ್ ಲಾರಿಯಲ್ಲಿ ಏರ್ ಬ್ರೇಕ್ ಕಂಪ್ರೆಸರ್‌ಗೂ ಎಂಜಿನ್‌ನಿಂದ ನೀರಿನ ಪೈಪ್ ಹೋಗುತ್ತದೆ, ಹೆಡ್ಡಿನಿಂದ ಮೇಲಿನ ಟ್ಯಾಂಕಿಗೆ ಬೆರಳಿಗಿಂತ ಸಣ್ಣ ಪೈಪ್ ಇನ್ನೊಂದಿದೆ. ಎರಡೂ ಸೋರುತ್ತಿವೆ. ಮುಚ್ಚಿದರೆ ಏನಾಗುತ್ತದೆ?

ಉತ್ತರ: ಕಂಪ್ರೆಸರ್‌ನ ಹೆಡ್ ನೀರಿನಿಂದ ತಣಿಯುವ ಬಗೆಯದ್ದಾಗಿದ್ದರೆ ಮುಚ್ಚಬೇಡಿ. ನೀರು ನಿಂತರೆ ಅದರ ವಾಲ್ವಿನ ಮೇಲೆ, ಗಾಳಿ ಹೊರಡುವ ಪೈಪಿನೊಳಗೆ ಎಣ್ಣೆ ಸುಟ್ಟು ಮಸಿ ಕಟ್ಟುತ್ತದೆ, ಟ್ಯಾಂಕಿಗೆ ಗಾಳಿ ತುಂಬುವುದು ನಿಧಾನವಾಗುತ್ತದೆ. ಇದು ಬ್ರೇಕಿನ ವಿಷಯ, ಪೈಪ್ ಬದಲಿಸಿ. ಬರೇ ಗಾಳಿಯಲ್ಲಿ ತಣಿಯುವ, ರೆಕ್ಕೆಗಳಿರುವ ಕಂಪ್ರೆಸರ್ ಕೂರಿಸಿದ್ದರೆ ಮಾತ್ರ ಎಂಜಿನ್ ಕಡೆಯ ಎರಡೂ ಬಾಯಿಗೆ ಥ್ರೆಡ್ ಪ್ಲಗ್ ಹಾಕಬಹುದು.

ಸಣ್ಣ ಪೈಪ್ ಹೆಡ್ಡಿನ ಗಾಳಿ ಹೊರಹೋಗುವ ದಾರಿ. ಸಣ್ಣದಿದೆ, ನೀರೂ ಅಷ್ಟಾಗಿ ಹರಿಯುವುದಿಲ್ಲ ಎಂದು ಮುಚ್ಚುವವರು ಜಾಸ್ತಿ. ಮುಚ್ಚಿದ ಮೇಲೆ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಕೂಡುತ್ತದೆ. ಟೆಂಪರೇಚರ್ ಸೆನ್ಸರ್ ಆ ಗಾಳಿಯಲ್ಲೇ ನಿಂತರೆ ಮುಳ್ಳು ನಾರ್ಮಲ್ ತೋರಿಸುತ್ತಿರುವಾಗಲೇ ಹೆಡ್ ಕಾದುಹೋಗಿರುತ್ತದೆ. ಇದನ್ನೂ ಬದಲಿಸಲೇಬೇಕು.

ಪ್ರಶ್ನೆ: ರೇಡಿಯೇಟರ್ ಮುಚ್ಚಳದ ಕುತ್ತಿಗೆಯಲ್ಲಿರುವ ಸಣ್ಣ ಕೊಳವೆಯಿಂದ ಏರಿನಲ್ಲಿ ನೀರು ಚೆಲ್ಲುತ್ತದೆ. ಅದಕ್ಕೂ ಒಂದು ಡಮ್ಮಿ ಹೊಡೆಯಲೇ?

ಉತ್ತರ: ಅದೊಂದನ್ನು ಮುಟ್ಟಬೇಡಿ. ಒತ್ತಡ ಮಿತಿ ದಾಟಿದಾಗ ಮುಚ್ಚಳ ಬಿಡುವ ನೀರಿಗೆ ಅದೇ ಬಾಗಿಲು. ಮುಚ್ಚಿದರೆ ಒತ್ತಡ ಹೋಗಲು ದಾರಿಯಿಲ್ಲದೆ ಅತಿ ದುರ್ಬಲವಾದದ್ದು, ಮೇಲಿನ ಹೋಸೋ ಟ್ಯಾಂಕಿನ ಅಂಚೋ, ಒಡೆಯುತ್ತದೆ. ತಣಿಯುವಾಗ, ಹೊರಬಂದ ನೀರು ಸೇರುವ ಎಕ್ಸ್‌ಪಾನ್ಷನ್ ಡಬ್ಬಿಯಿಂದ ನೀರು ವಾಪಸು ಬರಲಾರದೆ ಹೋಸುಗಳು ಚಪ್ಪಟೆಯಾಗುವುದೂ ಉಂಟು. ಚೆಲ್ಲುವುದಕ್ಕೆ ಕಾರಣ ಹುಡುಕಿ: ಮೊದಲು ಮುಚ್ಚಳದ ರಬ್ಬರ್ ಮತ್ತು ಸ್ಪ್ರಿಂಗ್, ಆಮೇಲೆ ನೀರಿನ ಮಟ್ಟ ಕುತ್ತಿಗೆಯವರೆಗೆ ತುಂಬುವ ಅಭ್ಯಾಸ ಇದೆಯೇ ಎಂದು. ಇವೆರಡೂ ಸರಿಯಿದ್ದರೆ ಪ್ರೆಷರ್ ಟೆಸ್ಟರ್ ಕಟ್ಟಿ, ತಣ್ಣನೆ ಎಂಜಿನ್ ಶುರುಮಾಡಿ. ನೀರು ಕಾಯುವ ಮೊದಲೇ ಮುಳ್ಳು ಸರಸರ ಏರಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಪದರ) ದಾಟಿ ಸಿಲಿಂಡರಿನ ಒತ್ತಡ ನೀರಿಗೆ ಬರುತ್ತಿದೆ. ಕೂಡಲೇ ಎಂಜಿನ್ ಆರಿಸಿ ಹೆಡ್ ಬಿಚ್ಚಿಸಿ.